ಬಿಬಿಎ ಮಕ್ಕಳು ಫುಟ್‌ಬಾಲ್ ಮೈದಾನಕ್ಕೆ ಕೈಜೋಡಿಸ್ತೀವಿ ಅಂತಿದ್ದಾರೆ. ಅವರಿಗೆ ಯಾವ ಕೆಲಸ ಕೊಡಲಿ?

ಮೂಡಿಗೆರೆ ರೈಟರ್

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದೀನಿ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯೋದು, ಮಳೆ ಲೆಕ್ಕ ಇಡೋದು, ಬಟವಾಡೆ ಮಾಡೋದು ನನ್ನ ಕೆಲಸ. ಸಂಜೆ ಆಳುಗಳು ಲೈನಿಗೆ (ತೋಟದ ಆಳುಗಳ ಸಾಲುಮನೆಗಳಿಗೆ) ಹೋದ ಮೇಲೆ ಅವರ ಮಕ್ಕಳನ್ನೂ ಊರಿನ ಮಕ್ಕಳನ್ನೂ ಸೇರಿಸಿ ಫುಟ್‌ಬಾಲ್ ಆಡಿಸ್ತೀನಿ. ಸದ್ಯ ಆಡ್ತಿರೋದು ಕಾಫಿ ಒಣಗಿಸೋ ಕಣದಲ್ಲಿ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾಯ್ತು ಅಂದ್ರೆ ಕಣ ನಮ್ಮ ಕೈ ತಪ್ಪಿತು, ರೋಬಸ್ಟಾ ಮುಗಿಯೋ ಮಾರ್ಚ್‌ವರೆಗೂ ಸಿಗಲ್ಲ. ಜೂನ್‌ನಿಂದ ಮಳೆ ಹಿಡಿಯುತ್ತೆ. ಉಳಿಯೋದು ಏಪ್ರಿಲ್, ಮೇ, ಆಮೇಲೆ ಅಕ್ಟೋಬರ್. ಅದೂ ಸಿಮೆಂಟ್ ಕಣ, ಬಿದ್ರೆ ಮಂಡಿ ಸುಲಿಯುತ್ತೆ. ಗೋಲಿ (ಗೋಲ್‌ಕೀಪರ್) ಆಗಿ ನಿಲ್ಲೋ ಹುಡುಗಿ ಒಬ್ಬಳಿದ್ದಾಳೆ, ಎಷ್ಟು ಹೇಳಿದ್ರೂ ಡೈವ್ ಹೊಡೀತಾಳೆ. ಅವಳ ಮೊಣಕೈ ನೋಡಿದ್ರೆ ಹೊಟ್ಟೆ ಕಿವುಚುತ್ತೆ.

ನಮ್ಮ ಪಂಚಾಯಿತಿಯಲ್ಲಿ 2 ಎಕರೆ 5 ಗುಂಟೆ ಆಟದ ಮೈದಾನಕ್ಕೆ ಅಂತ ಬಿಟ್ಟಿದ್ದಾರೆ. ಪಹಣಿ ತೆಗೆಸಿ ನೋಡಿದೀನಿ, ನಮೂದು ಇದೆ. ಈಗ ಅಲ್ಲಿ ಲಂಟಾನ ಬೆಳೆದಿದೆ, ಮೇಲಿನ ತೋಟದಿಂದ ಇಳಿಯೋ ನೀರು ಅಡ್ಡಡ್ಡ ಹರಿದು ಕೊರಕಲು ಬಿದ್ದಿದೆ. ಪಿಡಿಓ ಅವರಿಗೆ ಮನಸ್ಸಿದೆ. "ಒಂದು ಸಮಿತಿ ಮಾಡ್ಕೊಂಡು ಬನ್ನಿ, ಗ್ರಾಮಸಭೆಗೆ ಇಡೋಣ" ಅಂದಿದ್ದಾರೆ.

ಈ ಸುದ್ದಿ ಚಿಕ್ಕಮಗಳೂರಿನ ಒಂದು ಕಾಲೇಜಿನ ಬಿಬಿಎ ಮಕ್ಕಳಿಗೆ ಹೇಗೋ ಮುಟ್ಟಿದೆ. ಕೊನೆ ವರ್ಷದವರು, ಹನ್ನೆರಡು ಜನ. ಭಾನುವಾರ ಬಸ್ ಹತ್ತಿ ಬಂದು ಜಾಗ ನೋಡಿಕೊಂಡು ಹೋದರು. ಬಂದವರು ಸುಮ್ಮನೆ ನಿಲ್ಲಲಿಲ್ಲ, ನಮ್ಮ ಮಕ್ಕಳ ಜೊತೆ ಆಡಿದರು, ಜಿಗಣೆ ಹತ್ತಿಸಿಕೊಂಡು ಜಾಗದ ಮೂಲೆ ಮೂಲೆ ತಿರುಗಿದರು. ಒಂದು ಯೋಜನೆ ಬರೆದು ತೋರಿಸಿದ್ದಾರೆ. ಕೃತಕ ಹುಲ್ಲಿನ ಟರ್ಫ್, ಫ್ಲಡ್‌ಲೈಟ್, ಬುಕಿಂಗ್ ಆಪ್, ಒಂದು ಲಾಂಛನ, ಪ್ರಾಯೋಜಕರ ಬೋರ್ಡು. ಶನಿವಾರ ಭಾನುವಾರ ದೊಡ್ಡವರಿಗೆ ಬಾಡಿಗೆ ಕೊಟ್ಟು ಬಂದ ದುಡ್ಡಲ್ಲಿ ಮಕ್ಕಳಿಗೆ ತರಬೇತಿ ಕೊಡೋದು ಅವರ ಲೆಕ್ಕ.

ಅವರ ಉತ್ಸಾಹಕ್ಕೆ ತಣ್ಣೀರು ಎರಚೋಕೆ ನನಗೆ ಇಷ್ಟ ಇಲ್ಲ. ಇಷ್ಟು ದೂರ ಬಂದು ನಮ್ಮ ಮಕ್ಕಳ ಬಗ್ಗೆ ಯೋಚನೆ ಮಾಡಿದವರು ಬೇರೆ ಯಾರೂ ಇಲ್ಲ. ಆದರೆ ಆ ಯೋಜನೆಯಲ್ಲಿ ಲೈನಿನ ಮಕ್ಕಳಿಗೆ ಉಚಿತ ಅಂತ ಬರೆದಿರೋದು ದಿನಕ್ಕೆ ಒಂದು ಗಂಟೆ, ಅದೂ ಮಧ್ಯಾಹ್ನ ಮೂರರಿಂದ ನಾಲ್ಕು. ಆ ಹೊತ್ತಿಗೆ ಅವರು ಶಾಲೆಯಲ್ಲಿರ್ತಾರೆ. ಇನ್ನೊಂದು ಚಿಂತೆ: ಇವರಿಗೆ ಇರೋದು ಎರಡು ಸೆಮಿಸ್ಟರ್, ಆಮೇಲೆ ಒಬ್ಬೊಬ್ಬರು ಒಂದೊಂದು ಊರು. ಅಷ್ಟರೊಳಗೆ ಮುಗಿಯೋ ಕೆಲಸ, ಅವರು ಹೋದ ಮೇಲೂ ನಮ್ಮ ಹತ್ತಿರ ಉಳಿಯೋ ಕೆಲಸ ಯಾವುದು? ಹೀಗೆ ಮೈದಾನ ಮಾಡಿದ ಅನುಭವ ಇರೋರು ದಯವಿಟ್ಟು ಹೇಳಿ.


ಸಕಲೇಶಪುರ ಪಿ.ಟಿ. ಮೇಷ್ಟ್ರು

ರೈಟರೇ, ಮೊದಲು ಜಾಗದ ಅಳತೆ ಮಾತಾಡೋಣ, ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತೆ.

ಮೈದಾನ ಅಂದ ಕೂಡಲೇ ಎಲ್ಲರೂ ಟಿವಿಯಲ್ಲಿ ನೋಡಿದ ದೊಡ್ಡ ಅಂಕಣ ಕೇಳ್ತಾರೆ. 100 ಮೀಟರ್ ಉದ್ದ, 64 ಮೀಟರ್ ಅಗಲ ಇಟ್ಟು, ಗೆರೆಯಾಚೆ ಸುತ್ತ 3 ಮೀಟರ್ ಖಾಲಿ ಬಿಟ್ಟರೆ 7,420 ಚದರ ಮೀಟರ್ ಆಗುತ್ತೆ, ಅಂದ್ರೆ 73 ಗುಂಟೆ ಹತ್ತಿರ. ನಿಮ್ಮದು 85 ಗುಂಟೆ. ಬಸಿಗಾಲುವೆಗೆ, ಕೊಠಡಿಗೆ, ಶೌಚಾಲಯಕ್ಕೆ ಉಳಿಯೋದು 12 ಗುಂಟೆ. ಅದೂ ಜಾಗ ಚೌಕವಾಗಿದ್ರೆ. ನಮ್ಮ ಕಡೆ ಯಾವ ಜಾಗ ಚೌಕವಾಗಿರುತ್ತೆ ಹೇಳಿ.

ಹತ್ತು ವರ್ಷದ ಮಗುವಿಗೆ ಅಷ್ಟು ದೊಡ್ಡ ಅಂಕಣ ಬೇಕಾಗೂ ಇಲ್ಲ. ಅದರಲ್ಲಿ ಬಿಟ್ಟರೆ ಚೆಂಡು ಮುಟ್ಟದೆ ಬರೀ ಓಡಿ ಸುಸ್ತಾಗಿ ಮನೆಗೆ ಹೋಗುತ್ತೆ. ಏಳು ಜನರ ಆಟಕ್ಕೆ 55 ಮೀಟರ್ ಉದ್ದ, 37 ಮೀಟರ್ ಅಗಲ ಸಾಕು. ಸುತ್ತ ಖಾಲಿ ಸೇರಿಸಿದರೆ ಒಂದಕ್ಕೆ 26 ಗುಂಟೆ. ಅಂಥವು ಎರಡು ಮಾಡಿ, 52 ಗುಂಟೆಯಲ್ಲಿ ಮುಗೀತು, ಇನ್ನೂ 33 ಗುಂಟೆ ಕೈಯಲ್ಲಿರುತ್ತೆ. ಎರಡು ಅಂಕಣ ಇದ್ರೆ ಒಂದರಲ್ಲಿ ಆಡ್ತಾ ಇನ್ನೊಂದರ ಹುಲ್ಲಿಗೆ ವಿಶ್ರಾಂತಿ ಕೊಡಬಹುದು. ಮಲೆನಾಡಿನಲ್ಲಿ ಇದು ಬಹಳ ದೊಡ್ಡ ಅನುಕೂಲ.

ಉದ್ದ ಉತ್ತರ-ದಕ್ಷಿಣಕ್ಕೆ ಇರಲಿ. ನಿಮ್ಮ ಮಕ್ಕಳು ಆಡೋದೇ ಸಂಜೆ, ಪೂರ್ವ-ಪಶ್ಚಿಮ ಇಟ್ಟರೆ ಒಬ್ಬ ಗೋಲಿಯ ಕಣ್ಣಿಗೆ ನೇರ ಬಿಸಿಲು. ಅಂಕಣದ ನಡುಭಾಗ ಸ್ವಲ್ಪ ಎತ್ತರ, ಎರಡೂ ಪಕ್ಕಕ್ಕೆ ನೂರಕ್ಕೆ ಒಂದರಂತೆ ಇಳಿಜಾರು. 37 ಮೀಟರ್ ಅಗಲಕ್ಕೆ ನಡುವಿನಿಂದ ಅಂಚಿಗೆ ಹದಿನೆಂಟೂವರೆ ಸೆಂಟಿಮೀಟರ್ ಇಳಿದರೆ ಸಾಕು, ಕಣ್ಣಿಗೆ ಕಾಣೋದೂ ಇಲ್ಲ. ನೀವು ಮಳೆ ಲೆಕ್ಕ ಇಡೋರು, ನಿಮಗೆ ಗೊತ್ತಾಗುತ್ತೆ: ಒಂದು ಅಂಕಣದ ಮೇಲೆ ಒಂದು ಇಂಚು ಮಳೆ ಬಿದ್ದರೆ 51 ಸಾವಿರ ಲೀಟರ್‌ಗಿಂತ ಹೆಚ್ಚು ನೀರು. ಮೇಲಿನ ತೋಟದ ನೀರು ಇದರಲ್ಲಿ ಸೇರಿಲ್ಲ. ಅದನ್ನ ಮೈದಾನಕ್ಕೆ ಬರೋಕೇ ಬಿಡಬಾರದು, ಮೇಲ್ಬದಿಯಲ್ಲೇ ಬಸಿಗಾಲುವೆ ಹೊಡೆದು ಪಕ್ಕಕ್ಕೆ ತಿರುಗಿಸಬೇಕು. ಮೊದಲ ಕೆಲಸ ಇದೇ. ಇದು ಆಗದೆ ಜೆಸಿಬಿ ಕರೆಸಬೇಡಿ.

ಜೆಸಿಬಿ ಬಂದಾಗ ಮೇಲ್ಮಣ್ಣು ಒಂದು ಕಡೆ ಗುಡ್ಡೆ ಹಾಕಿಸಿ, ಮಟ್ಟ ಮಾಡಿದ ಮೇಲೆ ಅದನ್ನೇ ಹರಡಿಸಿ. ಇಲ್ಲದಿದ್ರೆ ಕೆಂಪು ಜಂಬಿಟ್ಟಿಗೆ ಮಣ್ಣು ಮೇಲೆ ಬಂದು ಹುಲ್ಲು ಹಿಡಿಯಲ್ಲ. ಹುಲ್ಲು ಅಂದ್ರೆ ಗರಿಕೆ ಸಾಕು. ತುಳಿದಷ್ಟೂ ಹಬ್ಬುತ್ತೆ, ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಹೂಮಳೆಗೆ (ಕಾಫಿ ಹೂವು ಅರಳಿಸೋ ಬೇಸಿಗೆ ಮಳೆಗೆ) ಚಿಗುರುತ್ತೆ. ಜೂನ್ ಮೊದಲ ಮಳೆಗೆ ಕಡ್ಡಿ ನಾಟಿ ಮಾಡಿ ಒಂದು ಮಳೆಗಾಲ ಯಾರನ್ನೂ ಒಳಗೆ ಬಿಡಬೇಡಿ. ಕಾಲೇಜು ಮಕ್ಕಳಿಗೆ ಶ್ರಮದಾನ ಮಾಡಿಸಲೇಬೇಕು ಅಂದ್ರೆ ಈ ನಾಟಿ ಮಾಡಿಸಿ, ಕಲ್ಲು ಆರಿಸಿ.

ಗೋಲುಕಂಬದ ಬಗ್ಗೆ ಒಂದು ಮಾತು. ಸಿಲ್ವರ್ ಓಕ್ ಧಾರಾಳ ಸಿಗುತ್ತೆ ಅಂತ ಅದನ್ನೇ ನೆಡ್ತಾರೆ, ಬುಡಕ್ಕೆ ಗೆದ್ದಲು ಹಿಡಿಯುತ್ತೆ. ಜಿಐ ಪೈಪಿನದು ಮಾಡಿಸಿ, ಚಿಕ್ಕ ಮಕ್ಕಳಿಗೆ 12 ಅಡಿ ಅಗಲ, 6 ಅಡಿ ಎತ್ತರ. ಎತ್ತಿ ಇಡೋ ಕಂಬ ಆದ್ರೆ ಹಿಂದಿನ ಪೈಪನ್ನ ನೆಲಕ್ಕೆ ಗಟ್ಟಿಯಾಗಿ ಬಿಗಿಯದೆ ಒಂದು ದಿನವೂ ಆಡಿಸಬೇಡಿ. ಮಕ್ಕಳು ಮೇಲಿನ ಪಟ್ಟಿ ಹಿಡಿದು ಜೋತಾಡ್ತಾರೆ, ಕಂಬ ಮಗುಚಿ ಜೀವ ಹೋದದ್ದಿದೆ. ಗೆರೆಗೆ ಸುಟ್ಟ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತೆ, ಚಾಕ್ ಪುಡಿ ಬಳಸಿ. ಚೆಂಡು ಎಂಟು ವರ್ಷದ ಒಳಗಿನವರಿಗೆ 3ನೇ ನಂಬರ್, ಹನ್ನೆರಡರವರೆಗೆ 4, ಆಮೇಲೆ 5.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನ 3-2ರಿಂದ ಸೋಲಿಸಿ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ತಂತು. ಅದಕ್ಕೂ ಮೊದಲು ಗೆದ್ದದ್ದು 1968-69ರಲ್ಲಿ, ಆಗಿನ್ನೂ ಮೈಸೂರು ಅನ್ನೋ ಹೆಸರು. ಅಷ್ಟು ವರ್ಷ ಬರ ಯಾಕೆ ಬಂತು ಅಂತ ಕೇಳಿದರೆ ನನ್ನ ಉತ್ತರ ಒಂದೇ: ಹತ್ತು ವರ್ಷದ ಮಗುವಿಗೆ ಬೀಳೋಕೆ ಹುಲ್ಲು ಇಲ್ಲ.


ಹಾಸನದ ಲೆಕ್ಕದವಳು

ಮೇಷ್ಟ್ರು ಹೇಳಿದ್ದು ಅಕ್ಷರಶಃ ಪಾಲಿಸಿ. ನಾನು ದುಡ್ಡು, ಕಾಗದದ ಕಡೆ ಹೇಳ್ತೀನಿ. ಹಾಸನದಲ್ಲಿ ಸಂಘ ಸಂಸ್ಥೆಗಳ ಲೆಕ್ಕ ನೋಡೋ ಆಫೀಸಿನಲ್ಲಿ ಕೆಲಸ ಮಾಡ್ತೀನಿ. ಯುವಕ ಸಂಘ, ದೇವಸ್ಥಾನ ಸಮಿತಿ, ಕ್ರೀಡಾ ಸಂಘಗಳ ರಸೀದಿ ಪುಸ್ತಕ ನೋಡಿ ನೋಡಿ ಒಂದು ವಿಷಯ ಮನಸ್ಸಲ್ಲಿ ಗಟ್ಟಿಯಾಗಿದೆ. ಕಟ್ಟೋಕೆ ದುಡ್ಡು ಹುಟ್ಟುತ್ತೆ. ಗುದ್ದಲಿ ಪೂಜೆಗೆ ಕೊಡ್ತಾರೆ, ಗೇಟಿಗೆ ಕೊಡ್ತಾರೆ, ಹೆಸರು ಕೆತ್ತೋ ಕಲ್ಲಿಗಂತೂ ಪೈಪೋಟಿ. ಮೂರನೇ ಬೇಸಿಗೆಯಲ್ಲಿ ಹುಲ್ಲಿಗೆ ನೀರು ಹೊಡೆಯೋಕೆ ಯಾರೂ ಕೊಡಲ್ಲ. ಒಂದು ತಾಲ್ಲೂಕಿನಲ್ಲಿ, ಹೆಸರು ಬೇಡ, ಉದ್ಘಾಟನೆಯ ಫಲಕ ಇನ್ನೂ ಮಿಂಚ್ತಿದೆ, ಅದರ ಹಿಂದೆ ಪಾರ್ಥೇನಿಯಂ ಆಳೆತ್ತರ ಬೆಳೆದಿದೆ. ಅಲ್ಲಿ ದುಡ್ಡು ಯಾರೂ ತಿನ್ನಲಿಲ್ಲ. ವರ್ಷದ ಖರ್ಚು ಎಷ್ಟು ಅಂತ ಮೊದಲ ದಿನ ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ.

ನಿಮ್ಮ ಹನ್ನೆರಡು ಮಕ್ಕಳಿಗೆ ಆ ಕೆಲಸ ಕೊಡಿ. ಅವರು ಕಲಿತಿರೋದೇ ಅದು. ಹಾರೆ ಹಿಡಿಯೋಕೆ ನಿಮ್ಮೂರಲ್ಲಿ ಅವರಿಗಿಂತ ಪಳಗಿದ ಕೈ ನೂರಿವೆ. ಒಂದು ವರ್ಷದ ನಡೆಸೋ ಖರ್ಚನ್ನ ತಿಂಗಳು ತಿಂಗಳಾಗಿ ಬರೆಯೋ ಕೈ ಆ ಪಂಚಾಯಿತಿ ವ್ಯಾಪ್ತಿಯಲ್ಲಿ ನೀವೊಬ್ಬರು ಬಿಟ್ಟರೆ ಇನ್ನೆಷ್ಟಿವೆ?

ಆ ಲೆಕ್ಕ ಹೇಗಿರಬೇಕು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ನೀರನ್ನೇ ತಗೊಳ್ಳಿ. ಒಂದು ಅಂಕಣ 2,035 ಚದರ ಮೀಟರ್. ವಾರಕ್ಕೆ 25 ಮಿಲಿಮೀಟರ್ ಹೊಡೆದರೆ 50 ಸಾವಿರ ಲೀಟರ್, ಅಂದರೆ ಐದು ಸಾವಿರದ ಟ್ಯಾಂಕರ್ ಹತ್ತು. ನಿಮ್ಮ ಕಡೆ ಟ್ಯಾಂಕರ್‌ಗೆ ಏನು ರೇಟು ನಡೀತಿದೆಯೋ ಅದರಿಂದ ಗುಣಿಸಲಿ, ಆಮೇಲೆ ಫೆಬ್ರವರಿಯಿಂದ ಹೂಮಳೆವರೆಗೆ ಎಷ್ಟು ವಾರ ಅಂತ ನಿಮ್ಮ ಹಳೇ ಮಳೆ ಪುಸ್ತಕ ತೆಗೆದು ನೋಡಲಿ. ಎದೆ ಒಡೆಯೋ ಮೊತ್ತ ಬರುತ್ತೆ. ಬರಲಿ. ಆಗ ಎದುರಿಗೆ ನಿಜವಾದ ಪ್ರಶ್ನೆ ನಿಲ್ಲುತ್ತೆ: ಎರಡೂ ಅಂಕಣಕ್ಕೆ ನೀರು ಹೊಡೆಯೋದೋ, ಒಂದನ್ನ ಒಣಗೋಕೆ ಬಿಡೋದೋ, ಕೊಳವೆಬಾವಿ ತೆಗೆಸಿದರೆ ಕರೆಂಟ್ ಬಿಲ್ ಯಾರ ಹೆಸರಿಗೆ? ಇದೇ ಥರ ಕಳೆ ಹೊಡೆಯೋ ಮಿಷನ್ನಿನ ಪೆಟ್ರೋಲು, ಬಲೆ, ಚೆಂಡು, ಚಾಕ್ ಪುಡಿ, ಶೌಚಾಲಯ ತೊಳೆಯೋರ ಸಂಬಳ. ಈ ಕೊನೇದನ್ನ ಎಲ್ಲರೂ ಮರೀತಾರೆ. ತೊಳೆಯೋರಿಲ್ಲದ ಶೌಚಾಲಯ ಆರು ತಿಂಗಳಲ್ಲಿ ಬೀಗ ಬೀಳುತ್ತೆ, ಬೀಗ ಬಿದ್ದ ತಿಂಗಳೇ ಹೆಣ್ಣುಮಕ್ಕಳು ಬರೋದು ನಿಲ್ಲಿಸ್ತಾರೆ. ನಿಮ್ಮ ಗೋಲಿ ಹುಡುಗಿ ಹದಿಮೂರು ದಾಟೋ ಹೊತ್ತಿಗೆ ಮೈದಾನದಲ್ಲೇ ಇರಬೇಕು ಅಂದ್ರೆ ಈ ಸಾಲನ್ನ ಮೊದಲು ಬರೆಸಿ.

ಎರಡನೇದು, ಹೊತ್ತಿನ ಪಟ್ಟಿ. ಹುಲ್ಲಿನ ಅಂಕಣ ವಾರದಲ್ಲಿ ಇಷ್ಟೇ ಗಂಟೆ ಆಟ ತಡೆಯುತ್ತೆ, ಅದರ ಮೇಲೆ ಆಡಿಸಿದರೆ ಗೋಲಿನ ಮುಂದೆ ಮಣ್ಣು ಏಳುತ್ತೆ. ಇರೋ ಗಂಟೆಗಳನ್ನ ಯಾರಿಗೆ ಮೊದಲು ಕೊಡಬೇಕು ಅನ್ನೋದೇ ಇಲ್ಲಿಯ ಮುಖ್ಯ ತೀರ್ಮಾನ. ಅದಕ್ಕೆ ವಿದ್ಯಾರ್ಥಿಗಳು ಲೈನಿಗೆ ಹೋಗಬೇಕು. ಯಾವ ಮನೆಯಲ್ಲಿ ಎಷ್ಟು ಮಕ್ಕಳು, ಶಾಲೆ ಬಿಟ್ಟು ಎಷ್ಟು ಹೊತ್ತಿಗೆ ಬರ್ತಾರೆ, ಕೊಯ್ಲಿನ ತಿಂಗಳಲ್ಲಿ ತಮ್ಮ ತಂಗೀನ ನೋಡ್ಕೊಳ್ಳೋರು ಯಾರು, ಕೊನೇ ಬಸ್ ಎಷ್ಟಕ್ಕೆ. ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳಿದ್ರೆ ಅವರನ್ನೂ ಬಿಡದೆ ಮಾತಾಡಿಸಲಿ. ಇದನ್ನ ಹಾಳೆ ಮೇಲೆ ಬರೆದಾಗ ಮೂರರಿಂದ ನಾಲ್ಕು ಅನ್ನೋ ಉಚಿತ ಗಂಟೆ ತಾನಾಗೇ ಬಿದ್ದುಹೋಗುತ್ತೆ.

ಮೂರನೇದು, ಸಂಘ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಕನಿಷ್ಠ ಏಳು ಜನ ಸೇರಿ ನೋಂದಾಯಿಸಬಹುದು. ಬೈಲಾ (ಸಂಘದ ನಿಯಮಗಳು) ಕರಡು, ಸದಸ್ಯರ ಪಟ್ಟಿ, ಸಭೆಯ ನಡಾವಳಿ ಬರೆಯೋಕೆ ವಿದ್ಯಾರ್ಥಿಗಳು ಸಹಾಯ ಮಾಡಲಿ. ಪದಾಧಿಕಾರಿಗಳಾಗಿ ಮಾತ್ರ ಅವರನ್ನ ಹಾಕಬೇಡಿ. ಬ್ಯಾಂಕ್ ಖಾತೆಗೆ ಊರಲ್ಲೇ ಇರೋ ಇಬ್ಬರ ಜಂಟಿ ಸಹಿ ಇರಲಿ. ಬೆಂಗಳೂರಿಗೆ ಹೋದ ಹುಡುಗನ ಸಹಿಗೋಸ್ಕರ ಚೆಕ್ ಪುಸ್ತಕ ಬಸ್ಸಲ್ಲಿ ಓಡಾಡಿದ ಸಂಘಗಳನ್ನ ನೋಡಿದೀನಿ. ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ ಪಟ್ಟಿ, ಲೆಕ್ಕ ನೋಂದಣಾಧಿಕಾರಿಗೆ ಸಲ್ಲಿಸೋದು ತಪ್ಪಬಾರದು. ಜಾಗ ಪಂಚಾಯಿತಿಯದೇ ಆಗಿ ಉಳಿಯಲಿ, ಸಂಘಕ್ಕೆ ನಿರ್ವಹಣೆ ಮಾತ್ರ ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಒತ್ತುವರಿ ಗಲಾಟೆ ಬರೋ ಮೊದಲೇ ಸರ್ವೆ ಮಾಡಿಸಿ ಗಡಿ ಕಲ್ಲು ಹಾಕಿಸಿ.


ಆಲೂರು ಬಿಕಾಂ

ಲೆಕ್ಕದ ಮೇಡಂ, ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡೋ ದುಡ್ಡು) ಬಿಟ್ಟುಬಿಟ್ರಲ್ಲ? ನಾವು ಓದೋವಾಗ ಹಳ್ಳಿ ಶಾಲೆ ಮೈದಾನಕ್ಕೆ ಅಂತ ಕಂಪನಿಗಳಿಗೆ ಪತ್ರ ಬರೆದಿದ್ವಿ. ಕಂಪನಿ ಕಾಯ್ದೆ 2013ರ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಇದೆಯಲ್ಲ, ಫುಟ್‌ಬಾಲ್ ಅದರೊಳಗೆ ಬರುತ್ತೆ. ಬಿಬಿಎ ಮಕ್ಕಳಿಗೆ ಇದನ್ನೇ ವಹಿಸಬಹುದು.


ಹಾಸನದ ಲೆಕ್ಕದವಳು

ಬೇಕಂತಲೇ ಬಿಟ್ಟೆ, ಯಾಕೆ ಅಂತ ಹೇಳ್ತೀನಿ. ಆ ಕಾಯ್ದೆ ಎಲ್ಲ ಕಂಪನಿಗೂ ಅಲ್ಲ. ನಿವ್ವಳ ಮೌಲ್ಯ 500 ಕೋಟಿ, ಇಲ್ಲಾ ವಹಿವಾಟು 1,000 ಕೋಟಿ, ಇಲ್ಲಾ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನ ಮುಟ್ಟಿದ ಕಂಪನಿಗೆ ಮಾತ್ರ ಲಾಭದ 2 ಪರ್ಸೆಂಟ್ ಹೀಗೆ ಖರ್ಚು ಮಾಡೋದು ಕಡ್ಡಾಯ. ನಮ್ಮೂರ ಹಾರ್ಡ್‌ವೇರ್ ಅಂಗಡಿಗೂ ಕಾಫಿ ಬೀಜ ಹದಮಾಡೋ ಸಣ್ಣ ಕ್ಯೂರಿಂಗ್ ವರ್ಕ್ಸ್‌ಗೂ ಅದು ತಾಗಲ್ಲ. ಅವರು ಕೊಟ್ಟರೆ ಮನಸ್ಸಿಂದ ಕೊಡಬೇಕು, ಅವರ ಹತ್ತಿರ ಕಾಯ್ದೆ ಹೇಳಿಕೊಂಡು ಹೋಗಬಾರದು. ದೊಡ್ಡ ಕಂಪನಿ ಸಿಕ್ಕರೂ ಸಂಘದ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಕೇಳುತ್ತೆ, ಅದಕ್ಕೆ ಆದಾಯ ತೆರಿಗೆಯಲ್ಲಿ 12ಎ, 80ಜಿ ಅಂತ ಕರೆಯೋ ನೋಂದಣಿಗಳು (ಒಂದು ಸಂಘದ ಆದಾಯಕ್ಕೆ, ಇನ್ನೊಂದು ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡೋದು) ಬೇಕು, ಮೇಲಿಂದ ಅಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ತೋರಿಸಬೇಕು. ಈಗ ಹುಟ್ಟೋ ಸಂಘಕ್ಕೆ ಮೂರು ವರ್ಷ ಎಲ್ಲಿಂದ ಬರುತ್ತೆ? ಮಕ್ಕಳ ಎರಡೂ ಸೆಮಿಸ್ಟರ್ ಪತ್ರ ಬರೆಯೋದ್ರಲ್ಲೇ ಕಳೆದುಹೋಗುತ್ತೆ. ಈಗಾಗಲೇ ಈ ನೋಂದಣಿಗಳಿರೋ ಸಂಸ್ಥೆ ಜಿಲ್ಲೆಯಲ್ಲಿ ಯಾವುದಾದರೂ ಜೊತೆಗೆ ಬಂದರೆ ಆಗ ನೋಡೋಣ. ಈ ಮೂರು ವರ್ಷ ಚೊಕ್ಕವಾಗಿ ಲೆಕ್ಕ ಇಟ್ಟರೆ ನಾಲ್ಕನೇ ವರ್ಷ ಅದೇ ಪುಸ್ತಕ ಹಿಡಿದು ಕಂಪನಿ ಬಾಗಿಲಿಗೆ ಹೋಗಬಹುದು. ಅದಕ್ಕೇ ಲೆಕ್ಕ ಮೊದಲು ಅಂದದ್ದು.


ಚಿಕ್ಕಮಗಳೂರು ಬಿಬಿಎ

ರೈಟರ್ ಅಂಕಲ್ ಲಿಂಕ್ ಕಳಿಸಿದ್ರು. ಆ ಹನ್ನೆರಡು ಜನರಲ್ಲಿ ನಾನೂ ಒಬ್ಬಳು. ಎಲ್ಲರ ಮಾತನ್ನೂ ಓದಿದೆ, ಒಂದು ವಿಷಯದಲ್ಲಿ ನನ್ನ ವಾದ ಇಡಬೇಕು ಅನ್ನಿಸ್ತು.

ಬಾಡಿಗೆ ಯೋಚನೆ ನಾವು ಲಾಭಕ್ಕೆ ಬರೆದದ್ದಲ್ಲ. ಮೇಡಂ ಹೇಳಿದ ಟ್ಯಾಂಕರ್ ದುಡ್ಡು, ಶೌಚಾಲಯ ತೊಳೆಯೋರ ಸಂಬಳ ಪ್ರತಿ ತಿಂಗಳು ಬರಬೇಕಲ್ಲ. ದಾನ ಒಂದು ಸಲ ಬರುತ್ತೆ, ಖರ್ಚು ಪ್ರತಿ ತಿಂಗಳು ಬರುತ್ತೆ. ವಾರಾಂತ್ಯದಲ್ಲಿ ಚಿಕ್ಕಮಗಳೂರು, ಬೇಲೂರು ಕಡೆಯಿಂದ ಆಡೋಕೆ ಬರೋರು ದುಡ್ಡು ಕೊಡೋಕೆ ತಯಾರಿದ್ದಾರೆ. ಅವರಿಂದ ತಗೊಂಡು ಮಕ್ಕಳಿಗೆ ಪೂರ್ತಿ ಉಚಿತ ಮಾಡೋದರಲ್ಲಿ ನನಗೆ ಈಗಲೂ ತಪ್ಪು ಕಾಣಲ್ಲ. ಫ್ಲಡ್‌ಲೈಟ್ ಬರೆದದ್ದೂ ಅದಕ್ಕೇ, ಡಿಸೆಂಬರ್‌ನಲ್ಲಿ ಆರು ಗಂಟೆಗೆ ಕತ್ತಲಾಗುತ್ತೆ. ಹೊತ್ತಿನ ಪಟ್ಟಿ ಮಾತ್ರ ಲೈನಿನ ಮನೆಗಳನ್ನ ಕೇಳಿಯೇ ಮಾಡಬೇಕು ಅನ್ನೋದನ್ನ ಒಪ್ತೀನಿ. ಬರೋ ಶನಿವಾರದಿಂದಲೇ ಶುರು ಮಾಡ್ತೀವಿ. ನಮ್ಮಲ್ಲಿ ಎನ್‌ಎಸ್‌ಎಸ್‌ನವರು (ರಾಷ್ಟ್ರೀಯ ಸೇವಾ ಯೋಜನೆಯವರು) ಐದು ಜನ ಇದ್ದೀವಿ, ವರ್ಷಕ್ಕೆ 120 ಗಂಟೆ ಸೇವೆ ಆಗಬೇಕು, ಅದನ್ನ ಇಲ್ಲಿಗೇ ಕೊಡೋಕೆ ನಮ್ಮ ಕಾರ್ಯಕ್ರಮಾಧಿಕಾರಿ ಒಪ್ಪಿದ್ದಾರೆ.


ಸಕಲೇಶಪುರ ಪಿ.ಟಿ. ಮೇಷ್ಟ್ರು

ತಂಗಿ, ನಿನ್ನ ವಾದದಲ್ಲಿ ಹುರುಳಿದೆ. ಆದರೆ ಹುಲ್ಲಿಗೆ ಯಾರು ದುಡ್ಡು ಕೊಟ್ಟರು ಅಂತ ಗೊತ್ತಾಗಲ್ಲ. ಎಪ್ಪತ್ತು ಕಿಲೋ ತೂಕದ ಹದಿನಾಲ್ಕು ಜನ ಸ್ಟಡ್ (ಅಡಿಯಲ್ಲಿ ಮುಳ್ಳಿರೋ ಬೂಟು) ಹಾಕಿಕೊಂಡು ಒದ್ದೆ ನೆಲದಲ್ಲಿ ಎರಡು ಗಂಟೆ ಆಡಿದರೆ ಮಕ್ಕಳ ಒಂದು ವಾರದ ಆಟ ಹೋದಂತೆ. ಆ ಬಾಡಿಗೆ ಅದನ್ನ ಸರಿಮಾಡೋಕೂ ಸಾಲಲ್ಲ. ಕೊಡೋದಾದರೆ ಒಣ ತಿಂಗಳಲ್ಲಿ, ಒಂದು ಅಂಕಣ ಮಾತ್ರ, ಮಕ್ಕಳ ಹೊತ್ತು ಮುಟ್ಟದಂತೆ. ಶಾಮಿಯಾನಕ್ಕೆ ಗೂಟ ಹೊಡೆಯೋಕೆ, ಜಾತ್ರೆಗೆ ಗಾಡಿ ನಿಲ್ಲಿಸೋಕೆ ಯಾವ ಕಾರಣಕ್ಕೂ ಕೊಡೋದಿಲ್ಲ ಅಂತ ಬೈಲಾದಲ್ಲೇ ಬರೆಸಿ. ಒಂದು ಮದುವೆಗೆ ಕೊಟ್ಟರೆ ಮುಂದಿನ ಮದುವೆಯವರಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ, ಎಲ್ಲರೂ ನೆಂಟರೇ.

ಕೃತಕ ಟರ್ಫ್ ಮಾತ್ರ ಬೇಡ. ಹಾಕಿಸೋ ದುಡ್ಡು ಒಂದು ಕಡೆ, ಎಂಟು ಹತ್ತು ವರ್ಷಕ್ಕೆ ಸವೆದು ಪೂರ್ತಿ ಬದಲಾಯಿಸಬೇಕು, ಆ ಮೊತ್ತ ಯಾವ ಹಳ್ಳಿ ಸಂಘದ ಹತ್ತಿರ ಇರುತ್ತೆ? ಬಿಸಿಲಲ್ಲಿ ಕಾದ ಟರ್ಫ್ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಲೈನಿನ ಮಕ್ಕಳಲ್ಲಿ ಎಷ್ಟು ಜನಕ್ಕೆ ಬೂಟು ಇದೆ?


ಗೋಣಿಬೀಡು ಅಮ್ಮ

ನನ್ನ ಮಗಳು ಶಾಲೆ ತಂಡದಲ್ಲಿ ಆಡ್ತಾಳೆ, ಅದಕ್ಕೆ ಒಂದೆರಡು ಮಾತು. ಆ ಕಾಲೇಜು ಮಕ್ಕಳಿಗೆ ದಯವಿಟ್ಟು ಹೇಳಿ, ಮಕ್ಕಳ ಫೋಟೊ, ರೀಲ್ಸ್ ಹಾಕೋ ಮೊದಲು ಅಪ್ಪ ಅಮ್ಮನ ಒಪ್ಪಿಗೆ ಬರೆಸಿಕೊಳ್ಳಲಿ. ಹೆಸರು, ಶಾಲೆ, ಮನೆ ಎಲ್ಲಿ ಅಂತ ಬರೆಯೋದೇ ಬೇಡ. ಲೈನಿನ ಮನೆಗಳಲ್ಲಿ ಕೇಳಿ ಬರೆದುಕೊಂಡ ವಿವರ ಹನ್ನೆರಡು ಫೋನಲ್ಲಿ ಓಡಾಡಬಾರದು, ಒಂದು ಪುಸ್ತಕದಲ್ಲಿ ರೈಟರ್ ಹತ್ತಿರ ಇರಲಿ. ಆಟದ ಹೊತ್ತಲ್ಲಿ ಒಬ್ಬ ಹೆಂಗಸು ಅಲ್ಲಿರಬೇಕು. ನಮ್ಮಂಥ ಅಮ್ಮಂದಿರಿಗೆ ವಾರಕ್ಕೆ ಒಂದೊಂದು ದಿನ ಹಂಚಿ, ನಾವು ಬಂದು ಕೂತ್ಕೋತೀವಿ. ಒಬ್ಬರನ್ನಾದರೂ ಸಂಘದ ಸಮಿತಿಗೆ ಹಾಕಿ. ದೂರದಿಂದ ಬರೋ ಹೆಣ್ಣುಮಕ್ಕಳಿಗೆ ಫ್ಲಡ್‌ಲೈಟ್‌ಗಿಂತ ಬಸ್ ಮುಖ್ಯ, ಕತ್ತಲಾದ ಮೇಲೆ ಆಟ ಇದ್ರೆ ನಾನಂತೂ ಕಳಿಸಲ್ಲ.


ಮೂಡಿಗೆರೆ ರೈಟರ್

ಎಲ್ಲರಿಗೂ ಕೈಮುಗಿದೆ. ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರಲಿಲ್ಲ.

ಇವತ್ತು ಬೆಳಿಗ್ಗೆ ಆ ಬಿಬಿಎ ಹುಡುಗಿ ಫೋನ್ ಮಾಡಿದ್ಲು. ಹನ್ನೆರಡು ಜನ ಮೂರು ಪಾಲಾಗ್ತಾರಂತೆ. ನಾಲ್ಕು ಜನ ಲೈನಿನ ಮನೆಗಳಿಗೆ, ನನ್ನ ಜೊತೆ ಮೇಸ್ತ್ರಿಯ ಹೆಂಡತಿಯೂ ಬರ್ತಾರೆ, ಅವರು ಜೊತೆಗಿದ್ರೆ ಹೆಂಗಸರು ಬಾಯಿಬಿಟ್ಟು ಮಾತಾಡ್ತಾರೆ. ಇನ್ನು ನಾಲ್ಕು ಜನ ನನ್ನ ಮಳೆ ಪುಸ್ತಕ ಇಟ್ಟುಕೊಂಡು ನೀರಿನ ಲೆಕ್ಕ, ವರ್ಷದ ಖರ್ಚಿನ ಲೆಕ್ಕ ಮಾಡ್ತಾರೆ. ಪುಸ್ತಕದಲ್ಲಿ ದಿನ ದಿನದ್ದೂ ಇಂಚು, ಸೆಂಟಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿದೆ, ಮಿಲಿಮೀಟರ್‌ಗೆ ಅವರೇ ತಿರುಗಿಸಿಕೊಳ್ತಾರಂತೆ. ಉಳಿದವರು ಬೈಲಾ, ಠರಾವಿನ ಕರಡು. ಬಾಡಿಗೆ ವಿಷಯ ಸದ್ಯಕ್ಕೆ ತೀರ್ಮಾನ ಮಾಡಿಲ್ಲ, ಖರ್ಚಿನ ಹಾಳೆ ಕೈಗೆ ಬಂದ ಮೇಲೆ ಗ್ರಾಮಸಭೆಯಲ್ಲೇ ಮಾತಾಡೋಣ ಅಂದಿದೀನಿ. ಊರಿನವರ ಎದುರಿಗೆ ಆ ಮಕ್ಕಳೇ ನಿಂತು ಹೇಳಲಿ, ಪ್ರಶ್ನೆಗೆ ಉತ್ತರ ಕೊಡಲಿ. ನಾನು ಹೇಳಿದರೆ ನನ್ನ ತೋಟದ ಸಾಹುಕಾರರ ಮಾತು ಅಂದ್ಕೊಳ್ಳೋರಿದ್ದಾರೆ.

ಒಂದು ಪ್ರಶ್ನೆ ಉಳೀತು ಮೇಡಂ. ಪಕ್ಕದ ತೋಟದವರನ್ನ ನಿನ್ನೆ ಮಾತಾಡಿಸಿದೆ. ರೋಬಸ್ಟಾಕ್ಕೆ ಹೂವಿನ ನೀರು ಹೊಡೆದು ಮುಗಿದ ಮೇಲೆ ಸ್ಪ್ರಿಂಕ್ಲರ್ ಪೈಪು, ಜೆಟ್ಟು ಖಾಲಿ ಬಿದ್ದಿರುತ್ತೆ, ಅವರ ಕೆರೆಯಿಂದಲೇ ಮೈದಾನಕ್ಕೆ ಹೊಡೆದುಕೊಳ್ಳಿ ಅಂದರು. ಡೀಸೆಲ್ ನಮ್ಮದು, ಉಳಿದದ್ದು ಅವರದು. ಹಾಗಾದರೆ ಟ್ಯಾಂಕರ್ ಖರ್ಚು ಹೆಚ್ಚುಕಡಿಮೆ ಹೋಯ್ತು. ಇದನ್ನ ಲೆಕ್ಕದಲ್ಲಿ ಹೇಗೆ ತೋರಿಸೋದು? ದಾನ ಅಂತ ರಸೀದಿ ಹರಿಯಬೇಕಾ?


ಹಾಸನದ ಲೆಕ್ಕದವಳು

ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ. ನಗದು ರಸೀದಿ ಹರಿಯಬೇಡಿ, ದುಡ್ಡು ಬಂದಿಲ್ಲವಲ್ಲ. ವಸ್ತು ಮತ್ತು ಸೇವೆ ರೂಪದ ನೆರವಿಗೆ ಅಂತಲೇ ಬೇರೆ ಪುಸ್ತಕ ಇಡಿ. ಯಾವ ದಿನ, ಯಾರ ತೋಟದಿಂದ, ಎಷ್ಟು ಪೈಪು, ಎಷ್ಟು ಗಂಟೆ ನೀರು, ವಾಪಸ್ ಕೊಟ್ಟ ದಿನ, ಇಬ್ಬರ ಸಹಿ. ಡೀಸೆಲ್ ಬಿಲ್ ಮಾತ್ರ ಖರ್ಚಿಗೆ ಹೋಗುತ್ತೆ. ಕಾಲೇಜು ಮಕ್ಕಳ ಗಂಟೆಗಳನ್ನೂ ಅದೇ ಪುಸ್ತಕದಲ್ಲಿ ನಿಮ್ಮ ಚೆಕ್‌ರೋಲ್ ಥರ ಬರೆಯಿರಿ, ಅವರ ಎನ್‌ಎಸ್‌ಎಸ್ ದಾಖಲೆಗೂ ಆಗುತ್ತೆ.

ಆದರೆ ವರ್ಷದ ಖರ್ಚಿನ ಹಾಳೆಯಲ್ಲಿ ಟ್ಯಾಂಕರ್ ಸಾಲನ್ನ ಅಳಿಸಬೇಡಿ. ಪೂರ್ತಿ ಮೊತ್ತ ಬರೆದು ಪಕ್ಕದಲ್ಲಿ "ಈ ವರ್ಷ ತೋಟದವರ ನೆರವಿನಿಂದ" ಅಂತ ಬರೆಸಿ. ಹೂಮಳೆ ತಡವಾದ ವರ್ಷ ಅವರ ಕೆರೆಯಲ್ಲೂ ನೀರಿರಲ್ಲ, ಅವತ್ತು ಎಷ್ಟು ಹೊಂದಿಸಬೇಕು ಅಂತ ಸಮಿತಿಗೆ ಮೊದಲೇ ಗೊತ್ತಿರಬೇಕು. ನಗದು ಕೊಡೋ ದಾನಿಗಳಿಗೆ ಇನ್ನೊಂದು ಹೇಳಿ: ಮುಂದೆ 80ಜಿ ಸಿಕ್ಕಿದ ಮೇಲೂ 2,000 ರೂಪಾಯಿ ಮೀರಿದ ನಗದಿಗೆ ತೆರಿಗೆ ರಿಯಾಯಿತಿ ಇಲ್ಲ, ಅದರ ಮೇಲಿನದೆಲ್ಲ ಬ್ಯಾಂಕ್ ಮೂಲಕವೇ ಬರಲಿ. ಬೈಲಾ ಕರಡು ಆದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.